ಪಂಪಿನ ಸೀಲು ಸೋರುವದೇಕೆ?

ಬಾವಿಯ ಮೇಲಿನ ಪಂಪಿನ ಕೆಳಗೆ ಯಾವಾಗಲೂ ಒದ್ದೆಯಾಗಿರುವ ಅಂಗೈಯಗಲದ ನೆಲ. ನಮ್ಮ ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಹೊಲಗಳಲ್ಲಿ ಇದು ಯಾರ ಕಣ್ಣಿಗೂ ಬೀಳದಷ್ಟು ರೂಢಿಯ ನೋಟವಾಗಿದೆ. ತುಸು ಸೋರುತ್ತದೆ, ಸೋರಲಿ ಎಂದು ಬಿಟ್ಟುಬಿಡುತ್ತೇವೆ. ಸೋರುವ ನೀರು ಹೆಚ್ಚೇನೂ ಅಲ್ಲವೆಂಬುದು ನಿಜವೇ. ಸೆಕೆಂಡಿಗೊಂದು ಹನಿ ಬೀಳುವದೆಂದೂ ಇಪ್ಪತ್ತು ಹನಿಗೆ ಒಂದು ಮಿಲಿಲೀಟರ ಎಂದೂ ಹಿಡಿದು ಲೆಕ್ಕ ಹಾಕಿದರೆ, ಹಗಲು ರಾತ್ರಿ ಕೂಡಿ ನಾಲ್ಕು ಲೀಟರಿಗಿಂತ ಸ್ವಲ್ಪ ಹೆಚ್ಚಾದೀತು. ಒಂದು ಕೊಡವೂ ತುಂಬಲಿಕ್ಕಿಲ್ಲ.

ಆದರೆ ಆ ಹನಿ ಬೀಳುವ ಜಾಗ ಯಾವದು? ಪಂಪಿಗೂ ಮೋಟಾರಿಗೂ ನಡುವೆ. ಅಲ್ಲಿಂದ ನಾಲ್ಕು ಬೆರಳಿನಾಚೆಗೆ ಮೋಟಾರಿನ ಬೇರಿಂಗು, ಅದರಾಚೆ ತಾಮ್ರದ ತಂತಿಯ ಸುತ್ತು. ನೀರು ಬೇರಿಂಗಿಗೆ ಸೇರಿ ಗ್ರೀಸನ್ನು ತೊಳೆಯುತ್ತದೆ. ಗ್ರೀಸು ಹೋದ ಬೇರಿಂಗು ತುಕ್ಕು ಹಿಡಿದು ಸಡಿಲಾಗುತ್ತದೆ. ಬೇರಿಂಗು ಸಡಿಲಾದರೆ ಶಾಫ್ಟು ಅಲ್ಲಾಡುತ್ತದೆ. ಶಾಫ್ಟು ಅಲ್ಲಾಡಿದರೆ ಸೋರಿಕೆ ಇಮ್ಮಡಿ. ಕೊನೆಗೆ ನೀರು ತಂತಿಯ ಸುತ್ತಿಗೆ ಮುಟ್ಟಿ ಮೋಟಾರು ಸುಡುತ್ತದೆ. ಕಡಲೆ ಹೂವು ಹಿಡಿದಾಗಲೋ, ಕಬ್ಬಿಗೆ ಬಿಸಿಲು ಬಡಿಯುತ್ತಿರುವಾಗಲೋ ಮೋಟಾರನ್ನು ಗಾಡಿಯಲ್ಲಿ ಹೇರಿಕೊಂಡು ವೈಂಡಿಂಗ್ ಅಂಗಡಿಯ ಮುಂದೆ ಪಾಳಿ ಹಚ್ಚಿದವರಿಗೆ ಆ ನಾಲ್ಕು ಲೀಟರಿನ ಬೆಲೆ ಗೊತ್ತು. ನೀರಿನ ಬೆಲೆಯನ್ನಂತೂ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ೨೦೧೬ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನ ಟಾಕಿಗಳಲ್ಲಿ ಕುಡಿಯುವ ನೀರು ಬಂದದ್ದನ್ನು ಈ ಸೀಮೆಯವರು ಮರೆತಿಲ್ಲ.

ಸೀಲು ಸೋರಿದರೆ ನಮ್ಮಲ್ಲಿ ಮಾಡುವ ಉಪಾಯ ಒಂದೇ. ಮಿಸ್ತ್ರಿಯನ್ನು ಕರೆಯುವದು. ಅವನು ಹಳೆಯದನ್ನು ಕಿತ್ತೊಗೆದು, ಹೊಸದನ್ನು ಕೂಡಿಸಿ, ಕೂಲಿ ತೆಗೆದುಕೊಂಡು ಹೋಗುವನು. ಹದಿನೈದು ದಿನಕ್ಕೆ ಮತ್ತೆ ಅದೇ ಹನಿ. ಆಗ ಬೈಗಳೆಲ್ಲ ಅಂಗಡಿಯವನಿಗೆ: ಡುಪ್ಲಿಕೇಟ ಮಾಲು ಕೊಟ್ಟ! ಡುಪ್ಲಿಕೇಟ ಮಾಲು ಪೇಟೆಯಲ್ಲಿಲ್ಲವೆಂದು ನಾನು ಹೇಳುವದಿಲ್ಲ. ಆದರೆ ಬಹಳ ಮಾಡಿ ಸೀಲು ತಾನಾಗಿ ಕೆಡುವದಿಲ್ಲ. ಬೇರೆಲ್ಲಿಯೋ ಇರುವ ದೋಷವು ಮೊದಲು ಸೀಲಿನಲ್ಲಿ ಕಾಣಿಸಿಕೊಳ್ಳುತ್ತದೆ, ಅಷ್ಟೆ. ಆ ದೋಷವನ್ನು ಹುಡುಕದೆ ಎಷ್ಟು ಸೀಲು ಬದಲಿಸಿದರೂ ಅದು ಅಂಗಡಿಯವನ ಲಾಭವೇ ಹೊರತು ನಮ್ಮದಲ್ಲ.

ಮೊದಲು ಒಂದು ಗೊಂದಲವನ್ನು ತೆಗೆದುಹಾಕಬೇಕು. ನಮ್ಮ ತಂದೆಯವರ ಕಾಲಕ್ಕೆ ಎತ್ತು ಕಟ್ಟಿ ಮೋಟ ಹೊಡೆಯುತ್ತಿದ್ದರು (ಮೈಸೂರು ಸೀಮೆಯವರು ಕಪಿಲೆ ಎನ್ನುವದು ಇದಕ್ಕೇ). ಆಮೇಲೆ ಡೀಝೆಲ್ ಇಂಜಿನು ಬಂತು, ಕರೆಂಟು ಬಂತು. ಪಂಪಿನ ವಿಷಯದಲ್ಲಿ ಕನ್ನಡಿಗರು ಅಭಿಮಾನಪಡುವ ಒಂದು ಮಾತೂ ಉಂಟು. ೧೮೬೯ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ೧೯೧೦ರಲ್ಲಿ ಈಗಿನ ಸಾಂಗಲಿ ಜಿಲ್ಲೆಯ ಬರಡು ಮಾಳದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ೧೯೨೬ರಲ್ಲಿ ಅವರ ಕಾರಖಾನೆಯಿಂದ ಸೆಂಟ್ರಿಫ್ಯೂಗಲ್ ಪಂಪು ಹೊರಬಂತು. ಆ ಕಾಲದ ಪಂಪುಗಳಲ್ಲಿ ಶಾಫ್ಟು ಹೊರಬರುವ ಸಂದಿಗೆ ಗ್ರಾಫೈಟು ಹಚ್ಚಿದ ದೋರಿಯನ್ನು ಸುತ್ತಿ, ಮೇಲೊಂದು ಗ್ಲ್ಯಾಂಡು ಕೂಡಿಸಿ, ನಟ್ಟು ಬಿಗಿಯುತ್ತಿದ್ದರು. ಇಂಥ ಗ್ಲ್ಯಾಂಡು ಹನಿಸಲೇಬೇಕು. ಮಿನಿಟಿಗೆ ಐವತ್ತರವತ್ತು ಹನಿ ಬಿದ್ದರೆ ಅದು ಆರೋಗ್ಯದ ಲಕ್ಷಣ. ಆ ನೀರೇ ದೋರಿಯನ್ನು ತಂಪಾಗಿಡುವದು. ಹನಿ ನಿಲ್ಲುವವರೆಗೆ ನಟ್ಟು ಬಿಗಿದರೆ ದೋರಿ ಸುಟ್ಟು ಶಾಫ್ಟಿಗೆ ಗೆರೆ ಬೀಳುವದು. ಮೆಕ್ಯಾನಿಕಲ್ ಸೀಲಿನದು ಇದಕ್ಕೆ ತೀರ ವಿರುದ್ಧ. ಅದು ಕಣ್ಣಿಗೆ ಕಾಣುವಂತೆ ಹನಿಸಬಾರದು. ಹನಿಸಿದರೆ ಬಿಗಿಯಲಿಕ್ಕೆ ಅಲ್ಲಿ ನಟ್ಟೂ ಇಲ್ಲ. ಆದ್ದರಿಂದ ನಿಮ್ಮ ಪಂಪಿಗೆ ಇರುವದು ದೋರಿಯೋ ಸೀಲೋ ಎಂಬುದನ್ನು ಮೊದಲು ತಿಳಿದುಕೊಳ್ಳಿರಿ. ಹಳೆಯ ಪಂಪಿನ ನಿಯಮವನ್ನು ಹೊಸದಕ್ಕೆ ಹಚ್ಚಿ, “ಹನಿಸಿದರೇ ಚಲೋ” ಎಂದು ಸುಮ್ಮನೆ ಕೂತವರು ನಮ್ಮಲ್ಲಿ ಅನೇಕರು.

ಈ ಸೀಲೆಂದರೆ ಏನು? ಬೀಸುವ ಕಲ್ಲನ್ನು ನೆನಪಿಗೆ ತಂದುಕೊಳ್ಳಿರಿ. ಕೆಳಗಿನ ಕಲ್ಲು ನಿಂತಿರುತ್ತದೆ, ಮೇಲಿನದು ತಿರುಗುತ್ತದೆ. ಸೀಲಿನಲ್ಲಿಯೂ ಹಾಗೆಯೇ ಎರಡು ಬಳೆಗಳು. ಒಂದು ಬಿಳಿ ಪಿಂಗಾಣಿಯದು. ರಬ್ಬರಿನ ಬಟ್ಟಲಿನಲ್ಲಿ ಕೂತು ಪಂಪಿನ ಮೈಗೆ ಅಂಟಿ ನಿಂತಿರುತ್ತದೆ. ಇದಕ್ಕೆ ಸೀಟು ಎನ್ನುತ್ತಾರೆ. ಇನ್ನೊಂದು ಕರಿ ಕಾರ್ಬನ್ನಿನದು, ಶಾಫ್ಟಿನೊಡನೆ ತಿರುಗುತ್ತದೆ. ಹಿಂದಿನಿಂದ ಒಂದು ಸ್ಪ್ರಿಂಗು ಕರಿಯದನ್ನು ಬಿಳಿಯದರ ಮೇಲೆ ಒತ್ತುತ್ತದೆ. ಎರಡರ ಮುಖಗಳನ್ನೂ ಕನ್ನಡಿಯಂತೆ ಸಪಾಟಾಗಿ ತಿಕ್ಕಿರುತ್ತಾರೆ. ಅವುಗಳ ನಡುವೆ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ನೀರಿನ ಪೊರೆಯೊಂದು ನಿಲ್ಲುತ್ತದೆ. ಆ ಪೊರೆಯೇ ಎಣ್ಣೆ, ಆ ಪೊರೆಯೇ ತಂಪು. ಅದು ಇರುವವರೆಗೆ ಸೀಲು ವರ್ಷಗಟ್ಟಲೆ ಬಾಳುತ್ತದೆ. ಪೊರೆ ಹೋಯಿತೋ, ಒಣ ಕಲ್ಲಿನ ಮೇಲೆ ಒಣ ಕಲ್ಲು ಬೀಸಿದಂತೆ. ಸಕ್ಕರೆ ಕಾರಖಾನೆಯ ದೊಡ್ಡ ಪಂಪುಗಳಲ್ಲಿಯೂ ತತ್ವ ಇದೇ. ಅಲ್ಲಿ ಬಹುತೇಕ ಸೀಲಿನ ಕೋಣೆಗೆ ಬೇರೊಂದು ಸಣ್ಣ ನಳಿಗೆಯಿಂದ ಶುದ್ಧ ನೀರು ಹಾಯಿಸುವ ಏರ್ಪಾಡು ಇರುತ್ತದೆ. ನಮ್ಮ ಬಾವಿಯ ಪಂಪಿಗೆ ಆ ಭಾಗ್ಯವಿಲ್ಲ. ಪಂಪಿನಲ್ಲಿರುವ ನೀರೇ ಅದಕ್ಕೆ ಗತಿ.

ಈಗ ಸೋರಿಕೆಯ ಪರೀಕ್ಷೆ. ಎಲ್ಲಕ್ಕಿಂತ ಮೊದಲು ಮೇನ್ ಸ್ವಿಚ್ಚು ಇಳಿಸಿ, ಫ್ಯೂಜು ಕಿತ್ತು ಜೇಬಿನಲ್ಲಿಟ್ಟುಕೊಳ್ಳಬೇಕು. ಜೇಬಿನಲ್ಲಿ ಎಂದು ಬೇಕೆಂದೇ ಬರೆದಿದ್ದೇನೆ. ಪೆಟ್ಟಿಗೆಯ ಮೇಲಿಟ್ಟ ಫ್ಯೂಜನ್ನು ಯಾರಾದರೂ ಬಂದು ಹಾಕಿಯಾರು. ಒದ್ದೆ ಮೋಟಾರು, ಒದ್ದೆ ನೆಲ, ಬರಿಗಾಲು ಈ ಮೂರು ಕೂಡಿದಲ್ಲಿ ಜೀವ ಹೋಗುವದು.

ಮೋಟಾರು ನಿಲ್ಲಿಸಿ, ಪಂಪನ್ನು ಒಣ ಅರಿವೆಯಿಂದ ಒರಸಿರಿ. ಸೋರುವ ನೀರೆಲ್ಲ ಸೀಲಿನದಲ್ಲ. ಮೇಲಿನ ಡಿಲಿವರಿ ಪೈಪಿನ ಜೋಡಣೆಯಿಂದ ಇಳಿದ ನೀರು ಮೈಗುಂಟ ಹರಿದು ಸೀಲಿನ ಕೆಳಗೇ ತೊಟ್ಟಿಕ್ಕಬಹುದು. ಕೇಸಿಂಗಿನ ಗ್ಯಾಸ್ಕೆಟ್ಟು ಹರಿದಿರಬಹುದು. ನೀರು ಬಿಡುವ ಬೂಚು ಸಡಿಲಾಗಿರಬಹುದು. ಒರಸಿದ ಮೇಲೆ ಜೋಡಣೆಗಳಿಗೆಲ್ಲ ಸುಣ್ಣದ ಕಡ್ಡಿಯ ಪುಡಿ ಸವರಿರಿ. ಶಾಲೆಯ ಮಾಸ್ತರನಾದ್ದರಿಂದ ಈ ವಸ್ತು ನನಗೆ ಧಾರಾಳ. ನಿಮಗೆ ಒಲೆಯ ಬೂದಿಯೂ ನಡೆದೀತು. ಪಂಪಿನಲ್ಲಿ ನೀರು ತುಂಬಿ ಕಾಯ್ದು ನೋಡಿದರೆ ಪುಡಿ ಮೊದಲು ಎಲ್ಲಿ ಒದ್ದೆಯಾಯಿತೋ ಅಲ್ಲಿಯೇ ದೋಷ. ಪಂಪು ನಡೆದಾಗ ಮಾತ್ರ ಸೋರುವದಾದರೆ ಪುಡಿ ಹಚ್ಚಿ, ದೂರ ಸರಿದು, ಆಮೇಲೆ ಚಾಲೂ ಮಾಡಿ ನೋಡಬೇಕು. ತಿರುಗುವ ಶಾಫ್ಟಿನ ಹತ್ತಿರ ಕೈಯನ್ನಾಗಲಿ ಧೋತರದ ಸೆರಗನ್ನಾಗಲಿ ಒಯ್ಯಬಾರದು.

ಸೀಲೇ ಸೋರುವದು ಖಚಿತವಾದರೆ, ಯಾವಾಗ ಸೋರುತ್ತದೆಂಬುದನ್ನು ಗಮನಿಸಿರಿ. ನಿಂತಾಗಲೂ ನಡೆದಾಗಲೂ ಒಂದೇ ಸಮನೆ ಸೋರಿದರೆ ಸೀಟು ಒಡೆದಿರಬೇಕು, ಇಲ್ಲವೆ ರಬ್ಬರು ಗಟ್ಟಿಯಾಗಿರಬೇಕು, ಅಥವಾ ಕೂಡಿಸುವಾಗಲೇ ಓರೆಯಾಗಿರಬೇಕು. ನಡೆದಾಗ ಸೋರಿ ನಿಂತಾಗ ನಿಲ್ಲುವದಾದರೆ ಸಂಶಯ ಸೀಲಿಗಿಂತ ಶಾಫ್ಟಿನ ಮೇಲೆ ಹೋಗಬೇಕು. ಹೊಸದಾಗಿ ಹಾಕಿದ ಸೀಲು ಮೊದಲ ಕೆಲ ಹೊತ್ತು ತುಸು ಹನಿಸಿ ತಾನೇ ನಿಂತರೆ ಗಾಬರಿಯಾಗಬೇಡಿರಿ. ಎರಡು ಮುಖಗಳು ಒಂದಕ್ಕೊಂದು ಹೊಂದಿಕೊಳ್ಳುವ ಕಾಲವದು.

ಇನ್ನು ನಡೆದಾಗ ಸೋರದೆ, ನಿಲ್ಲಿಸಿದಾಗ ಮಾತ್ರ ಹನಿಸುವ ಬಗೆಯೊಂದುಂಟು. ಇದು ಬಾವಿಯ ಪಂಪಿನ ವಿಶೇಷ ರೋಗ. ಕೆಳಗಿನಿಂದ ನೀರು ಎಳೆಯುವ ಪಂಪಿನಲ್ಲಿ ಸೀಲಿನ ಕೋಣೆಯ ಒತ್ತಡವು ಎಷ್ಟೋ ಮಾದರಿಗಳಲ್ಲಿ ಹೊರಗಿನ ಗಾಳಿಗಿಂತ ಕಡಿಮೆಯಾಗುತ್ತದೆ. ಆಗ ಕೆಟ್ಟ ಸೀಲು ನೀರನ್ನು ಹೊರಗೆ ಬಿಡುವ ಬದಲು ಗಾಳಿಯನ್ನು ಒಳಗೆ ಎಳೆಯುತ್ತದೆ. ಡಿಲಿವರಿಯಲ್ಲಿ ನೀರು ಬುಸುಬುಸು ಎಂದು ಗಾಳಿಯೊಡನೆ ಬರುತ್ತದೆ, ಇಲ್ಲವೆ ಪಂಪು ನಡುವೆಯೇ ನೀರು ಬಿಟ್ಟುಬಿಡುತ್ತದೆ. ನಮ್ಮವರು ಕೂಡಲೆ ಫುಟ್‌ವಾಲ್ವನ್ನು (ಹೊಲದಲ್ಲಿ ಇದಕ್ಕೆ ‘ಫುಟಬಾಲ್’ ಎಂದೇ ಹೆಸರು) ದೂರುತ್ತಾರೆ. ಬಾವಿಗಿಳಿದು ಅದನ್ನು ಕಿತ್ತು ತೊಳೆದು ಹಾಕಿ ದಿನ ಕಳೆಯುತ್ತಾರೆ. ಇಳಿಯುವ ಮೊದಲು ಇಷ್ಟು ಮಾಡಿರಿ: ಪಂಪು ನಿಲ್ಲಿಸಿ, ನೀರು ಹಾಕುವ ಬಾಯಿಯ ತನಕ ತುಂಬಿ, ಅರ್ಧ ತಾಸು ಬಿಡಿರಿ. ನೀರು ಇಳಿದು ಸೀಲಿನ ಕೆಳಗೂ ಒದ್ದೆಯಾಗಿದ್ದರೆ ತಪ್ಪು ಸೀಲಿನದು. ನೀರು ಇಳಿದಿದ್ದು ಹೊರಗೆ ಎಲ್ಲಿಯೂ ಒದ್ದೆಯಿಲ್ಲದಿದ್ದರೆ ಫುಟ್‌ವಾಲ್ವನ್ನು ಹಿಡಿಯಿರಿ.

ನಮ್ಮ ನೆರೆಯ ಹೊಲದ ಹಿರಿಯರೊಬ್ಬರು ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಬಂದು, “ಮಾಸ್ತರೆ, ಇದು ಮೂರನೇ ಸೀಲು ನೋಡ್ರಿ. ಹಾಕಿ ಎಂಟು ದಿನಾ ಆಗಿಲ್ಲ, ಮತ್ತ ಸೋರ್ಲತದ” ಎಂದರು. “ಕಾಕಾ, ಮೊದಲಿನ ಎರಡು ಎಲ್ಲವ?” ಎಂದು ಕೇಳಿದೆ. “ಹಾಳಾದ್ದು ಇಟ್ಟುಕೊಂಡು ಏನ್ ಮಾಡ್ಲಿ? ಬಾವ್ಯಾಗ ಒಗದೀನಿ” ಎಂದರು. ಮೂರನೆಯದನ್ನು ಬಿಚ್ಚಿಸಿ ನೋಡಿದಾಗ ಬಿಳಿ ಸೀಟಿನ ಮೇಲೆ ಕಾರ್ಬನ್ನು ಉಜ್ಜಿದ ಗುರುತು ಕಾರ್ಬನ್ನಿನ ಅಂಚಿಗಿಂತ ಅಗಲವಾಗಿತ್ತು. ಅಂದರೆ ತಿರುಗುವ ಬಳೆ ಒಂದೇ ಸುತ್ತಿನಲ್ಲಿ ತಿರುಗದೆ ಆಚೀಚೆ ಓಲಾಡಿದೆ. ಶಾಫ್ಟಿನ ತುದಿಯನ್ನು ಕೈಯಿಂದ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಕಟಕಟ ಎನ್ನುತ್ತಿತ್ತು. ಬೇರಿಂಗು ಸತ್ತಿತ್ತು. ಮೂರು ಸೀಲಿನ ದುಡ್ಡಿನಲ್ಲಿ ಬೇರಿಂಗು ಬಂದು ಮಿಕ್ಕುತ್ತಿತ್ತು. ಬೇರಿಂಗು ಬದಲಿಸಿ ನಾಲ್ಕನೆಯ ಸೀಲು ಹಾಕಿದರು; ಅದು ನಿಂತಿತು.

ಹಳೆಯ ಸೀಲು ಹೀಗೆ ತನ್ನ ಕಥೆಯನ್ನು ಮುಖದ ಮೇಲೆಯೇ ಬರೆದುಕೊಂಡಿರುತ್ತದೆ. ಗ್ರಾಮೋಫೋನಿನ ತಟ್ಟೆಯಂತೆ ಸುತ್ತಲೂ ಗೆರೆಗಳು ಬಿದ್ದಿದ್ದರೆ ಉಸುಕು. ಮಳೆಗಾಲದಲ್ಲಿ ತೇರಣಾ, ಮಾಂಜರಾ ಹೊಳೆಗಳ ಬಂಧಾರಗಳಿಂದ ಕೆಂಪು ನೀರು ಎತ್ತುವವರಲ್ಲಿ ಇದನ್ನು ಹೆಚ್ಚಾಗಿ ಕಾಣುವಿರಿ. ಫುಟ್‌ವಾಲ್ವು ತಳದ ಕೆಸರಿಗೆ ತಾಗದಂತೆ ಎತ್ತಿ ಕಟ್ಟಬೇಕು, ಜಾಳಿಗೆ ಹರಿದಿದ್ದರೆ ಬದಲಿಸಬೇಕು. ಮುಂದಿನ ಸಲ ಕಾರ್ಬನ್ನಿನ ಬದಲು ಎರಡೂ ಮುಖ ಸಿಲಿಕಾನ್ ಕಾರ್ಬೈಡಿನದಿರುವ ಸೀಲು ಕೇಳಿರಿ. ತುಟ್ಟಿಯಾದರೂ ಉಸುಕಿಗೆ ಅದೇ ಗಟ್ಟಿ. ಸ್ಪ್ರಿಂಗಿನ ಸುರುಳಿಗಳಲ್ಲಿ ಬಿಳಿ ಉಪ್ಪು ಕಟ್ಟಿಕೊಂಡಿದ್ದರೆ ಗಡಸು ನೀರಿನ ಕೆಲಸ. ಸ್ಪ್ರಿಂಗು ಒತ್ತಲಾರದೆ ಹೋಗಿರುತ್ತದೆ. ಉಜ್ಜಿದ ಗುರುತು ಒಂದೇ ಮಗ್ಗುಲಿಗೆ ದಟ್ಟವಾಗಿದ್ದರೆ ಸೀಟು ಓರೆಯಾಗಿ ಕೂತಿತ್ತು. ರಬ್ಬರು ಉಬ್ಬಿ ಮೆತ್ತಗಾಗಿದ್ದರೆ ಕೂಡಿಸಿದವನು ಎಣ್ಣೆಯನ್ನೋ ಗ್ರೀಸನ್ನೋ ಸವರಿದ್ದಾನೆ. ಕೆಲವು ಜಾತಿಯ ರಬ್ಬರಿಗೆ ಅದು ವಿಷ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವದು ಮಾತ್ರ ಸುಟ್ಟ ಗುರುತು. ಪಿಂಗಾಣಿಯಲ್ಲಿ ನಡುವಿನಿಂದ ಅಂಚಿಗೆ ಕೂದಲಿನಂಥ ಸೀಳು, ರಬ್ಬರು ಕರಕಲಾಗಿ ಬಿರುಕು. ಇದರ ಅರ್ಥ, ಪಂಪು ನೀರಿಲ್ಲದೆ ತಿರುಗಿದೆ. ಇಲ್ಲಿ ಅಪರಾಧಿ ಯಾರೆಂದರೆ ನಾವು ಮೆಚ್ಚಿ ತಂದ ಆಟೋ ಸ್ವಿಚ್ಚು. ಹೊಲದ ಕರೆಂಟು ಪಾಳಿಯ ಮೇಲೆ, ಅದೂ ಅನೇಕ ಸಲ ನಡುರಾತ್ರಿಗೆ ಬರುವ ಕಡೆ, ಹಾವು ಹುಳದ ಭಯಕ್ಕೆ ಯಾರೂ ಬಾವಿಗೆ ಹೋಗುವದಿಲ್ಲ. ಕರೆಂಟು ಬಂದೊಡನೆ ಆಟೋ ತಾನೇ ಪಂಪು ಹಚ್ಚುತ್ತದೆ. ಆದರೆ ಕರೆಂಟು ಇಲ್ಲದ ತಾಸುಗಳಲ್ಲಿ ಫುಟ್‌ವಾಲ್ವಿನಿಂದ ನೀರು ಇಳಿದುಹೋಗಿ ಪಂಪು ಖಾಲಿಯಾಗಿದ್ದರೆ? ಬೆಳಗಿನವರೆಗೆ ಒಣ ಓಟ. ಸೀಲು ಸುಡಲಿಕ್ಕೆ ಅಷ್ಟು ಹೊತ್ತು ಬೇಡ, ಕೆಲವೇ ಮಿನಿಟುಗಳು ಸಾಕು. ಬೆಳಿಗ್ಗೆ ಬಂದವನು ಗಾಬರಿಯಿಂದ ಕಾದ ಪಂಪಿಗೆ ತಣ್ಣೀರು ಸುರಿದನೆಂದರೆ, ಉಳಿದಿದ್ದ ಪಿಂಗಾಣಿಯೂ ಚಟ್ಟೆಂದು ಸೀಳುವದು. ಒಣಗಿ ಓಡಿದ ಪಂಪನ್ನು ನಿಲ್ಲಿಸಿ, ಕೈ ಇಟ್ಟರೆ ತಣ್ಣಗೆ ಹತ್ತುವವರೆಗೆ ಬಿಟ್ಟು, ಆಮೇಲೆ ನೀರು ತುಂಬಬೇಕು. ಆಟೋ ಬೇಡವೆನ್ನುವ ಹಾಗಿಲ್ಲ. ಆದರೆ ಅದರ ಜೊತೆಗೆ ಒಣ ಓಟ ತಡೆಯುವ ರಿಲೆಯೂ ಇರಬೇಕು. ನೀರಿಲ್ಲದಾಗ ಮೋಟಾರು ಎಳೆಯುವ ಕರೆಂಟು ಇಳಿಯುತ್ತದೆ; ರಿಲೆಯು ಅದನ್ನು ಗುರುತಿಸಿ ಪಂಪು ನಿಲ್ಲಿಸುತ್ತದೆ. ಅದಕ್ಕೂ ಮೊದಲು ಫುಟ್‌ವಾಲ್ವನ್ನು ನೆಟ್ಟಗೆ ಮಾಡಿಕೊಳ್ಳಬೇಕು.

ಬೇಸಿಗೆಯಲ್ಲಿ ಇನ್ನೊಂದು ಕಾರಣ ಸೇರುತ್ತದೆ. ಪಂಪು ನೀರನ್ನು ಎಳೆಯುವದೆಂದು ನಾವು ಹೇಳುತ್ತೇವೆ. ನಿಜದಲ್ಲಿ ಪಂಪು ಖಾಲಿ ಮಾಡಿದ ಜಾಗಕ್ಕೆ ಹೊರಗಿನ ಗಾಳಿಯ ಭಾರವು ನೀರನ್ನು ತಳ್ಳುತ್ತದೆ. ಸಮುದ್ರದ ಮಟ್ಟದಲ್ಲಿ ಈ ಭಾರ ಎತ್ತಬಲ್ಲದ್ದು ಹೆಚ್ಚೆಂದರೆ ೧೦.೩ ಮೀಟರು, ಸುಮಾರು ೬೦೦ ಮೀಟರು ಎತ್ತರದಲ್ಲಿರುವ ನಮ್ಮ ಬಾಲಾಘಾಟದ ನೆಲದಲ್ಲಿ ಒಂಬತ್ತೂವರೆ. ಪೈಪಿನ ತಿಕ್ಕಾಟ ಕಳೆದು ವ್ಯವಹಾರದಲ್ಲಿ ಇಪ್ಪತ್ತು ಇಪ್ಪತ್ತೆರಡು ಫೂಟಿಗಿಂತ ಹೆಚ್ಚು ನಂಬಬಾರದು. ಚೈತ್ರ ವೈಶಾಖದಲ್ಲಿ ಬಾವಿಯ ನೀರು ಇಳಿದಂತೆ ಪೈಪು ಉದ್ದ ಮಾಡುತ್ತ ಹೋಗುವವರ ಪಂಪಿನಲ್ಲಿ ಹರಳು ಹುರಿದಂಥ ಸಪ್ಪಳ ಕೇಳುತ್ತದೆ. ನೀರು ಒಳಗೇ ಆವಿಯಾಗಿ ಗುಳ್ಳೆಗಳು ಒಡೆಯುವ ಸಪ್ಪಳವದು. ಪಂಪು ನಡುಗುತ್ತದೆ, ಸೀಲು ಕೆಡುತ್ತದೆ. ಅಂಥಲ್ಲಿ ಪೈಪು ಉದ್ದ ಮಾಡುವ ಬದಲು ಪಂಪನ್ನೇ ಬಾವಿಯ ಒಳಗಿನ ಕಲ್ಲಿನ ಕಟ್ಟೆಗೆ ಇಳಿಸುವದು ಲೇಸು.

ಲೈನ್‌ಮನ್ ಡಿ.ಪಿ. ರಿಪೇರಿ ಮಾಡಿ ಹೋದ ಮೇಲೆ ನೀರು ಕಡಿಮೆಯಾಗಿ ಸೋರಿಕೆ ಸುರುವಾದರೆ ಫೇಜು ಅದಲುಬದಲಾಗಿ ಪಂಪು ಉಲ್ಟಾ ತಿರುಗುತ್ತಿರಬಹುದು. ಕೆಲವು ಸೀಲುಗಳ ಶಂಕುವಿನಾಕಾರದ ಸ್ಪ್ರಿಂಗು ಒಂದೇ ದಿಕ್ಕಿಗೆ ಸರಿ. ಉಲ್ಟಾ ಆದರೆ ಬಿಚ್ಚಿಕೊಳ್ಳುತ್ತದೆ. ಪಂಪಿನ ಮೇಲಿರುವ ಬಾಣದ ಗುರುತಿಗೆ ತಾಳೆ ನೋಡಿರಿ.

ಸೀಲು ಕೂಡಿಸುವ ಕೆಲಸ ಕಠಿಣವಲ್ಲ, ಸ್ವಚ್ಛತೆಯದು. ಕೇಸಿಂಗು ಬಿಚ್ಚಿ, ಪಂಖಾದ ನಟ್ಟು ತೆಗೆದು, ಪಂಖಾವನ್ನು ಪುಲ್ಲರಿನಿಂದ ಎಳೆಯಬೇಕು. ಸುತ್ತಿಗೆಯಿಂದ ಬಡಿದರೆ ಶಾಫ್ಟು ಬಾಗುವದು. ಹಳೆಯ ಸ್ಪ್ರಿಂಗು ಶಾಫ್ಟಿನ ಮೇಲೆ ಎಲ್ಲಿ ಕೂತಿತ್ತೆಂದು ಅಳತೆ ಮಾಡಿಟ್ಟುಕೊಳ್ಳಿರಿ. ಶಾಫ್ಟಿನ ತುಕ್ಕನ್ನು ನುಣುಪು ಪಾಲಿಶ ಕಾಗದದಿಂದ ತೆಗೆದು ಒರಸಿರಿ. ಬೇರಿಂಗಿನ ಸಡಿಲನ್ನು ನೋಡುವ ಸಮಯವೂ ಇದೇ. ರಬ್ಬರಿಗೆ ಸಾಬೂನಿನ ನೀರು ಮಾತ್ರ ಹಚ್ಚಿ, ಬಿಳಿ ಸೀಟನ್ನು ಹೊಳೆಯುವ ಮುಖ ಮೇಲಾಗಿ ಎರಡು ಹೆಬ್ಬೆರಳಿನಿಂದ ಸಮವಾಗಿ ಒತ್ತಿರಿ; ನಡುವೆ ಒಂದು ಶುದ್ಧ ಅರಿವೆಯಿರಲಿ. ಹೊಳೆಯುವ ಮುಖಗಳಿಗೆ ಬೆರಳು ತಾಗಬಾರದು. ತಂಬಾಕು ತಿಕ್ಕಿದ ಕೈಯಂತೂ ಬೇಡವೇ ಬೇಡ. ಒಂದು ಮುಖ ಹೊಸದು ಒಂದು ಹಳೆಯದು ಹಾಕಿ ಉಳಿತಾಯ ಮಾಡುವವರಿದ್ದಾರೆ. ಹಳೆಯದರ ಗೆರೆ ಹೊಸದನ್ನು ಕೊರೆಯುತ್ತದೆ, ಜೋಡಿಯನ್ನೇ ಬದಲಿಸಬೇಕು. ಹೊಸ ಗ್ಯಾಸ್ಕೆಟ್ಟು ಇಟ್ಟು ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ, ಪಂಪಿನಲ್ಲಿ ನೀರು ತುಂಬಿ ಗಾಳಿ ಹೋಗಲು ಬಿಟ್ಟು, ಆಮೇಲೆಯೇ ಫ್ಯೂಜು ಹಾಕಬೇಕು.

ಪೇಟೆಗೆ ಹೋಗುವಾಗ ಹಳೆಯ ಸೀಲು ಕೈಯಲ್ಲಿರಲಿ. “ಐದು ಹಾರ್ಸ್‌ಪವರಿನ ಪಂಪಿನದು ಕೊಡಿ” ಎಂದರೆ ಅಂಗಡಿಯವನು ಏನನ್ನೋ ಕೊಟ್ಟಾನು. ಸೀಲಿನ ಅಳತೆ ನಿಲ್ಲುವದು ಶಾಫ್ಟಿನ ದಪ್ಪದ ಮೇಲೆ ಮತ್ತು ಸೀಟಿನ ಮಾದರಿಯ ಮೇಲೆ. ನಿಲಂಗಾ, ಉದಗೀರಗಳು ೧೯೫೬ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಮನೆಯ ಮಾತು ಇಂದಿಗೂ ಎಷ್ಟೋ ಕಡೆ ಕನ್ನಡವೇ. ಆದರೆ ನಾನು ನೋಡಿದ ಪಂಪಿನ ಪುಸ್ತಿಕೆಗಳೆಲ್ಲ ಇಂಗ್ಲಿಷ್, ಹಿಂದಿ, ಮರಾಠಿಯವು. ಅದರಲ್ಲಿಯ ಚಿತ್ರವನ್ನಾದರೂ ಹರಿಯದೆ ಇಟ್ಟುಕೊಳ್ಳಿರಿ. ಶಾಲೆಗೆ ಹೋಗುವ ಹುಡುಗ ಹುಡುಗಿಯರಿಂದ ಓದಿಸಿಕೊಂಡು, ಸೀಲಿನ ಅಳತೆಯನ್ನು ಸ್ಟಾರ್ಟರ ಪೆಟ್ಟಿಗೆಯ ಒಳಬಾಗಿಲಿಗೆ ಬಣ್ಣದಿಂದ ಬರೆಯಿಸಿರಿ.

ಬೋರಿನಲ್ಲಿ ಮುಳುಗಿಸಿದ ಸಬ್‌ಮರ್ಸಿಬಲ್ಲಿನ ಮಾತು ಬೇರೆ. ಅದರ ಸೀಲು ಕಾಯುವದು ಮೋಟಾರಿನೊಳಗೆ ಹೊರಗಿನ ಉಸುಕು ನೀರು ಹೋಗದಂತೆ. ಅಲ್ಲಿ ಹನಿ ಕಾಣುವದಿಲ್ಲ, ಹೊಲದಲ್ಲಿ ಬಿಚ್ಚಲೂ ಬಾರದು. ಬೇರಾವುದಕ್ಕಾದರೂ ಅದನ್ನು ಮೇಲೆತ್ತಿದಾಗ ವರ್ಕಶಾಪಿನಲ್ಲಿ ಸೀಲು ಮತ್ತು ಉಸುಕು ತಡೆಯುವ ರಬ್ಬರನ್ನು ತಪ್ಪದೆ ನೋಡಿಸಬೇಕು. ಮೇಲಿನ ಪಂಪಿನವರು ಹಿಂಗಾರಿಗೆ ಮೊದಲೇ ಒಂದು ಜೋಡಿ ಸೀಲು, ಒಂದು ಗ್ಯಾಸ್ಕೆಟ್ಟು ತಂದು, ಧೂಳು ಹೋಗದ ಡಬ್ಬಿಯಲ್ಲಿ ಮನೆಯಲ್ಲಿಟ್ಟಿರಲಿ. ಬಿಚ್ಚಿದ ಹಳೆಯ ಸೀಲನ್ನೂ ತಾರೀಖು ಬರೆದ ಚೀಟಿಯೊಡನೆ ಅದೇ ಡಬ್ಬಿಯ ಪಕ್ಕದಲ್ಲಿಡಿರಿ. ಮುಂದಿನ ಸಲ ಮಿಸ್ತ್ರಿ ಬಂದಾಗ ಎರಡನ್ನೂ ಅವನ ಮುಂದೆ ಇಟ್ಟು ಕೇಳಲಿಕ್ಕೆ ಬಂದೀತು.